ಮದ್ದು

ಕನ್ನಡದಲ್ಲಿ 'ಮದ್ದು' ಎಂಬುದೊಂದು ವಿಚಿತ್ರ ಶಬ್ದ. ಜ್ವರ ಬಂದವನಿಗೆ ಕೊಡುವುದೂ ಮದ್ದು. ಫಿರಂಗಿಗೆ ತುಂಬುವುದೂ ಮದ್ದು. ಹಗೆಯವರು ಅನ್ನದಲ್ಲಿ ಬೆರೆಸಿ ಹಾಕುತ್ತಾರೆಂದು ನಮ್ಮ ಅಜ್ಜಿಯರು ಹೆದರುತ್ತಿದ್ದುದೂ ಮದ್ದೇ. ತರಗತಿಯಲ್ಲಿ ಈ ಮಾತು ಹೇಳಿ ಎಷ್ಟೋ ವರ್ಷ ಹುಡುಗರನ್ನು ನಗಿಸಿದ್ದೇನೆ. ಅದು ನಗುವ ಮಾತಲ್ಲವೆಂದು ತಿಳಿದದ್ದು, ಅಕ್ಕನ ಮಗ ಅಂಗಿಯ ತೋಳು ಮಡಿಸಿ ಸೂಜಿಯ ಗುರುತುಗಳನ್ನು ತೋರಿಸಿ, "ಬಿಡಲಾರೆ ಮಾವ" ಎಂದು ಅತ್ತ ದಿನ.

ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಬ್ಯೂಪ್ರೆನಾರ್ಫಿನ್ ಎಂಬ ಮಾತ್ರೆ ಬರೆದರು. ದಿನವೂ ನಾಲಗೆಯ ಕೆಳಗಿಟ್ಟು ಕರಗಿಸಬೇಕು.

"ಅದೂ ಅಫೀಮಿನ ಬಳಗದ್ದೇ ಅಲ್ಲವೆ?" ಎಂದೆ.

"ಹೌದು" ಎಂದರು, ಅಳುಕದೆ.

ಕಳ್ಳನನ್ನು ಓಡಿಸಲು ಅವನ ದಾಯಾದಿಯನ್ನೇ ಮನೆಗೆ ಕರೆದಂತಾಯಿತಲ್ಲ ಎಂದು ನನಗೆ ಸಿಟ್ಟು. ಅವರು ಸಮಾಧಾನದಿಂದಲೇ ವಿವರಿಸಿದರು. ಹೆರಾಯಿನ್ನಿನ ಬಲ ಕೆಲವೇ ಗಂಟೆ. ಇಳಿದೊಡನೆ ನಡುಕ, ವಾಂತಿ, ಮತ್ತೆ ಸೂಜಿ. ಈ ಔಷಧ ನಿಧಾನವಾಗಿ ನಿಂತು ಕೆಲಸ ಮಾಡುವುದರಿಂದ ಆ ಓಟ ತಪ್ಪುತ್ತದೆ. ಇದಕ್ಕೊಬ್ಬ ಅಣ್ಣನಿದ್ದಾನೆ, ಮೆಥಡೋನ್. ನ್ಯೂಯಾರ್ಕಿನಲ್ಲಿ ಡೋಲ್ ಮತ್ತು ನಿಸ್ವಾಂಡರ್ ಎಂಬ ವೈದ್ಯರು ಅದನ್ನು 22 ಜನರಿಗೆ ಕೊಟ್ಟು 1965ರಲ್ಲಿ ಫಲ ಪ್ರಕಟಿಸಿದರು. ರೋಗಿಗಳನ್ನು ಚಿಕಿತ್ಸೆಯಲ್ಲಿ ಹಿಡಿದಿಡುವುದರಲ್ಲಿ ಅಣ್ಣನೇ ಮೇಲು. ಆದರೆ ಪ್ರಮಾಣ ಮೀರಿದರೆ ಉಸಿರೇ ನಿಂತೀತು. ತಮ್ಮನ ಬಲಕ್ಕೊಂದು ಮಿತಿಯುಂಟು, ಅಪಾಯ ಕಡಿಮೆ. ತಕ್ಕ ಪ್ರಮಾಣದಲ್ಲಿ ಕೊಟ್ಟರೆ ಹೆರಾಯಿನ್ ಬಿಡಿಸುವುದರಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಎರಡನ್ನೂ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಕೇಳಿದೆ, ಒಪ್ಪಲಿಲ್ಲ. ಹುಡುಗ ಚೇತರಿಸಿಕೊಂಡು ಕೆಲಸಕ್ಕೆ ಹೋಗತೊಡಗಿದ. ಮೂರು ತಿಂಗಳಾಗುತ್ತಲೇ, "ಇನ್ನೆಷ್ಟು ದಿನವೋ ಈ ಮಾತ್ರೆ? ಮನಸ್ಸು ಗಟ್ಟಿಮಾಡು" ಎಂದು ಉಪದೇಶಿಸಿದವನು ನಾನೇ. ಮಾವನ ಮಾತಿಗೆ ಬೆಲೆಕೊಟ್ಟು ಬಿಟ್ಟ. ಕೆಲವೇ ವಾರಗಳಲ್ಲಿ ಅಕ್ಕನ ಮನೆಯ ಬಚ್ಚಲ ಬಾಗಿಲನ್ನು ಒಡೆಯಬೇಕಾಯಿತು. ಔಷಧ ಬಿಟ್ಟ ಮೈ ಹಳೆಯ ಪ್ರಮಾಣವನ್ನು ತಾಳದಂತೆ. ಹೀಗೆ ಸಾಯುವವರೇ ಬಹಳವಂತೆ. ನಮ್ಮ ಪುಣ್ಯ, ಉಳಿದುಕೊಂಡ.

ಅಕ್ಕ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಈಗ ಮತ್ತೆ ಮಾತ್ರೆ ನಡೆದಿದೆ. ಎಷ್ಟು ದಿನ ಎಂದು ನಾನು ಕೇಳುವುದಿಲ್ಲ. ಭಾನುವಾರ ಬಂದರೆ ಊಟಕ್ಕೆ ಮುಂಚೆ, "ಔಷಧ ಆಯಿತೇನಪ್ಪ?" ಎಂದಷ್ಟೇ ಕೇಳುತ್ತೇನೆ. "ಆಯಿತು ಮಾವ" ಎನ್ನುತ್ತಾನೆ.

ತರಗತಿಯಲ್ಲಿ 'ಮದ್ದು' ಬಂದಾಗ ಈಗ ನಗಿಸುವುದಿಲ್ಲ. ಯಾರ ಕೈಯಿಂದ, ಎಷ್ಟು, ಎಲ್ಲಿಯವರೆಗೆ ಎಂಬುದರಲ್ಲಿ ಆ ಶಬ್ದದ ಅರ್ಥವಿದೆ ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುತ್ತೇನೆ.