ದೋಜೊ ದಾರಿಯಲ್ಲಿ ಬಾಹುಬಲಿ

ಮೊಮ್ಮಗಳು ಕರಾಟೆ ಕಲಿಯುವೆನೆಂದಾಗ ನಾನು ಮೌನವಾಗಿದ್ದೆ. ಟ್ಯೂಷನ್ ಮುಗಿಸಿ ಬರುವಾಗ ಯಾರೋ ಒಬ್ಬ ಎರಡು ದಿನ ಅವಳನ್ನು ಹಿಂಬಾಲಿಸಿದ್ದನಂತೆ. ಅದನ್ನು ಅವಳು ಅಜ್ಜಿಗೆ ಹೇಳಿದಳೇ ಹೊರತು ನನಗೆ ಹೇಳಲಿಲ್ಲ. ಅಹಿಂಸೆಯ ಕುರಿತು ಉಪನ್ಯಾಸ ನೀಡುವ ಅಜ್ಜ ಏನೆನ್ನುವರೋ ಎಂಬ ಅಳುಕು ಅವಳಿಗಿತ್ತೆಂದು ತಿಳಿದಾಗ ನನಗೆ ನಾಚಿಕೆಯಾಯಿತು. ಕರೆದೊಯ್ಯುವ ಹೊಣೆಯನ್ನು ನಾನೇ ಹೊತ್ತೆ.

ತರಗತಿ ಸಂಜೆ ಆರಕ್ಕೆ. ನಮ್ಮದು ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ಮನೆ. ಹಿಂದಿರುಗುವಾಗ ಕತ್ತಲಾಗುವುದರಿಂದ ಐದಕ್ಕೇ ಊಟ ಮುಗಿಸಬೇಕು. ಮೊದಲ ದಿನ ಊಟವೇ ತಡವಾಯಿತು. ರಾಮಮೂರ್ತಿ ನಗರದ ಮುಖ್ಯರಸ್ತೆಯಲ್ಲಿ ಹತ್ತಿದ ಆಟೋ ಹೊರವರ್ತುಲ ರಸ್ತೆಯ ಬಳಿ ನಿಂತೇಬಿಟ್ಟಿತು. ಟಿನ್ ಫ್ಯಾಕ್ಟರಿಯ ದಿಕ್ಕಿಗೆ ವಾಹನಗಳ ಸಾಲು ಕದಲುತ್ತಿರಲಿಲ್ಲ.

“ಅಜ್ಜ, ಹೊಡೆದರೆ ಪಾಪ ಬರುತ್ತಾ?” ಎಂದು ಅವಳು ಕೇಳಿದಳು.

ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ. ಗೃಹಸ್ಥನು ಪೂರ್ಣವಾಗಿ ತೊರೆಯಬೇಕಾದದ್ದು ಬೇಕೆಂದೇ ಎಸಗುವ ಸಂಕಲ್ಪೀ ಹಿಂಸೆಯನ್ನು. ಮೇಲೆರಗಿದವನನ್ನು ತಡೆಯುವಾಗ ಅನಿವಾರ್ಯವಾಗಿ ಘಟಿಸುವುದು ವಿರೋಧೀ ಹಿಂಸೆ. ಇದನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದ ನಾನು ಆಟೋದಲ್ಲಿ ಕುಳಿತು ಒಂದು ಮಗುವಿಗೆ ಹೇಳುವಾಗ ತಡವರಿಸಿದೆ.

ಕೊನೆಗೆ ಇಳಿದು ನಡೆದೆವು. ಕಾಲೇಜಿನ ದ್ವಾರದಲ್ಲಿ ಕಾವಲುಗಾರನ ಪುಸ್ತಕದಲ್ಲಿ ಹೆಸರು ಬರೆದು, ಆಟದ ಬಯಲನ್ನು ಬಳಸಿ, ಹಿಂದಿನ ಸಭಾಂಗಣವನ್ನು ತಲುಪಿದಾಗ ಆರೂಕಾಲು. ತಡವಾಗಿ ಬಂದವರು ಬಾಗಿಲ ಬಳಿ ಮಂಡಿಯೂರಿ ಕುಳಿತು ಗುರುಗಳ ಅನುಮತಿಗಾಗಿ ಕಾಯಬೇಕಂತೆ. ಅವಳು ಹಾಗೆಯೇ ಕುಳಿತಳು.

ಜಪಾನೀ ಭಾಷೆಯ ‘ದೋಜೊ’ ಎಂದರೆ ಮಾರ್ಗದ ಸ್ಥಳ. ಬೌದ್ಧ ಗ್ರಂಥಗಳ ‘ಬೋಧಿಮಂಡ’ಕ್ಕೆ ಚೀನೀ ಅನುವಾದಕರು ಬಳಸಿದ ಪದವೇ ಅದು. ಕಾಲೇಜುಗಳಿಗೂ ಕರಾಟೆಗೂ ಹಳೆಯ ನಂಟು. 1924ರಲ್ಲೇ ಟೋಕಿಯೋದ ಕೇಯೋ ವಿಶ್ವವಿದ್ಯಾಲಯದಲ್ಲಿ ಗಿಚಿನ್ ಫುನಕೋಶಿ ಅವರ ಮಾರ್ಗದರ್ಶನದಲ್ಲಿ ಕರಾಟೆ ಸಂಘ ಆರಂಭವಾಗಿತ್ತು.

ಒಳಗೆ ಇಬ್ಬರು ಹುಡುಗಿಯರು ಎದುರುಬದುರು ನಿಂತಿದ್ದರು. ಒಬ್ಬಳ ಮುಷ್ಟಿ ರಭಸದಿಂದ ಬಂದು ಇನ್ನೊಬ್ಬಳ ಮುಖಕ್ಕೆ ಅಂಗುಲದಷ್ಟು ದೂರದಲ್ಲಿ ನಿಂತಿತು. ಹೊಡೆತ ಬೀಳಲಿಲ್ಲ. ನನಗೆ ಪಂಪನ ಆದಿಪುರಾಣ ನೆನಪಾಯಿತು. 941ರ ಆ ಕಾವ್ಯದಲ್ಲಿ ದೃಷ್ಟಿಯುದ್ಧ, ಜಲಯುದ್ಧಗಳ ಬಳಿಕ ಮಲ್ಲಯುದ್ಧ. ಅದರಲ್ಲಿ ಭರತನನ್ನು ಮೇಲೆತ್ತಿದ ಬಾಹುಬಲಿ ಅಣ್ಣನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಎತ್ತುವ ಬಲವಿಲ್ಲದವನಿಗೆ ಹಾಗೆ ಇಳಿಸುವ ಅವಕಾಶವೂ ಇರುತ್ತಿರಲಿಲ್ಲ. ಇಷ್ಟು ವರ್ಷ ಆ ಪ್ರಸಂಗವನ್ನು ಓದಿಯೂ ನಾನು ವೈರಾಗ್ಯವನ್ನಷ್ಟೇ ವಿವರಿಸಿದ್ದೆ. ಆ ತೋಳುಗಳ ಸಾಧನೆಯನ್ನು ಮರೆತಿದ್ದೆ.

ಗುರುಗಳು ಕೈಸನ್ನೆ ಮಾಡಿದರು. ಮೊಮ್ಮಗಳು ನಮಸ್ಕರಿಸಿ, ನನ್ನತ್ತ ಒಮ್ಮೆ ತಿರುಗಿ ನೋಡಿ, ಒಳಗೆ ಹೋದಳು.

ಮುಂದಿನ ತರಗತಿಯ ದಿನ ನಾಲ್ಕೂವರೆಗೇ ತಟ್ಟೆ ಇಡುವಂತೆ ಮನೆಯಲ್ಲಿ ಅವಸರಪಡಿಸಿದವನು ನಾನೇ.