ಸೀಟು ಮೊದಲು, ಸೈಟು ಆಮೇಲೆ

ಬಸ್ಸಿನ ಸೀಟು ಎಂಬುದು ಒಂದು ವಿಚಿತ್ರ ಸರಕು. ನಮ್ಮ ಸಿದ್ದಾಪುರದ ಕಡೆ ಭತ್ತಕ್ಕೆ ಇವತ್ತು ಧಾರಣೆ ಇಲ್ಲವೆಂದರೆ ರೈತ ಚೀಲ ಹೊಲಿದು ಗೋದಾಮಿನಲ್ಲಿಟ್ಟು ಒಂದೆರಡು ತಿಂಗಳು ಕಾಯಬಹುದು. ಸೀಟನ್ನು ಹಾಗೆ ಕೂಡಿಡಲು ಬರುವುದಿಲ್ಲ. ರಾತ್ರಿ ಒಂಬತ್ತಕ್ಕೆ ಬಸ್ಸು ಹೊರಟಿತೆಂದರೆ, ಖಾಲಿ ಉಳಿದ ಸೀಟಿನ ಬೆಲೆ ಒಂಬತ್ತು ಗಂಟೆ ಒಂದು ನಿಮಿಷಕ್ಕೆ ಸೊನ್ನೆ. ಅತ್ತ ಮಾಲೀಕನಿಗೆ ಸೀಟು ಖಾಲಿ ಹೋಯಿತೆಂಬ ಸಂಕಟ. ಇತ್ತ ಅದೇ ಊರಿನ ಇನ್ನೊಂದು ಓಣಿಯಲ್ಲಿ ಸೀಟು ಸಿಗದೆ ಚೀಲ ಹಿಡಿದು ನಿಂತವನ ಸಂಕಟ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೆ.

ಈಗಿನ ಮಕ್ಕಳಿಗೆ ಇದು ಕಥೆಯಂತೆ ಕೇಳಿಸೀತು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯಿಂದ ಬೆಂಗಳೂರಿಗೆ ಖಾಸಗಿ ಬಸ್ಸಿನಲ್ಲಿ ಹೋಗಬೇಕೆಂದರೆ ಗಂಗಾವತಿಯ ಏಜೆಂಟರ ಬಳಿ ಹೋಗಬೇಕಿತ್ತು. ಅವರ ಮೇಜಿನ ಮೇಲೆ ಒಂದು ಹಾಳೆ, ಹಾಳೆಯ ತುಂಬ ಚೌಕಗಳು. ಚೌಕದಲ್ಲಿ ಹೆಸರು ಬರೆದರೆ ಸೀಟು ನಿಮ್ಮದು. ಆದರೆ ಅದೇ ಬಸ್ಸಿನ ಇನ್ನೊಂದು ಹಾಳೆ ಮುಂದಿನ ಊರಿನ ಏಜೆಂಟರ ಹತ್ತಿರವೂ ಇರುತ್ತಿತ್ತು. ಇಬ್ಬರ ನಡುವೆ ಇದ್ದದ್ದು ಒಂದು ಟೆಲಿಫೋನು. ಅದೂ ಹತ್ತಿದರೆ ಹತ್ತಿತು. ಒಮ್ಮೆ ನನಗೂ ಹೊಸಪೇಟೆಯಲ್ಲಿ ಹತ್ತಿದ ಹಿರಿಯರೊಬ್ಬರಿಗೂ ಒಂದೇ ಸೀಟಿನ ಚೀಟಿ ಸಿಕ್ಕಿತ್ತು. ಇಬ್ಬರ ಚೀಟಿಯೂ ನಿಜ, ಸೀಟು ಮಾತ್ರ ಒಂದೇ. ನಾನು ಚಿತ್ರದುರ್ಗದವರೆಗೆ ಚಾಲಕನ ಪಕ್ಕದ ಬಾನೆಟ್ ಮೇಲೆ ಕುಳಿತು ಹೋದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಈ ಹಳೆಯ ಬಸ್ಸಿನ ನೆನಪು ಇತ್ತೀಚೆಗೆ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೆ ಕಾರಣ ನಮ್ಮ ಹುಡುಗರು ಕೇಳುವ ಪ್ರಶ್ನೆ. ಮೊದಲು ‘ಡಾಕ್ಟರಾಗುವುದು ಹೇಗೆ, ಎಂಜಿನಿಯರಾಗುವುದು ಹೇಗೆ’ ಎನ್ನುತ್ತಿದ್ದರು. ಈಗ ‘ವೆಬ್‌ಸೈಟ್ ಮಾಡಿ ದೊಡ್ಡ ವ್ಯಾಪಾರ ಕಟ್ಟುವುದು ಹೇಗೆ’ ಎನ್ನುತ್ತಾರೆ. ಒಳ್ಳೆಯ ಪ್ರಶ್ನೆಯೇ. ಉತ್ತರ ಮಾತ್ರ ಕಂಪ್ಯೂಟರಿನ ಒಳಗೆ ಇದೆ ಎಂದು ಎಲ್ಲರೂ ತಿಳಿದಿದ್ದಾರೆ.

ಕಂಪ್ಯೂಟರಿನ ಭಾಗ ಬಹಳ ಹಿಂದೆಯೇ ಸುಲಭವಾಯಿತು. ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1989ರಲ್ಲಿ ವೆಬ್‌ನ ಯೋಜನೆ ಬರೆದುಕೊಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಲೋಕಕ್ಕೆಲ್ಲ ಬಿಟ್ಟಿಯಾಗಿ ಬಿಟ್ಟುಕೊಟ್ಟಿತು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಆರಂಭಿಸಿತು. ಅಂದರೆ ಪುಟ ಕಟ್ಟುವ ವಿದ್ಯೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕಾಗದ ಎಲ್ಲರಿಗೂ ಸಿಗುತ್ತದೆ. ಅದರ ಮೇಲೆ ಬರೆದುಕೊಟ್ಟ ಮಾತನ್ನು ಉಳಿಸಿಕೊಳ್ಳುವವರು ಕಡಿಮೆ. ವೆಬ್‌ಸೈಟೂ ಹಾಗೆಯೇ.

ಇದನ್ನು ತಿಳಿಸಲು ನಾನು ಹುಡುಗರಿಗೆ ಬೆಂಗಳೂರಿನಲ್ಲೇ ಹುಟ್ಟಿದ ರೆಡ್‌ಬಸ್‌ನ ಉದಾಹರಣೆ ಕೊಡುತ್ತೇನೆ. 2005ರ ದೀಪಾವಳಿಗೆ ಫಣೀಂದ್ರ ಸಾಮ ಎಂಬ ತರುಣ ಎಂಜಿನಿಯರ್ ಹೈದರಾಬಾದಿಗೆ ಹೊರಡಲು ಬೆಂಗಳೂರಿನ ಏಜೆಂಟರ ಅಂಗಡಿಗಳನ್ನೆಲ್ಲ ಸುತ್ತಿದರು. ಸೀಟು ಸಿಗಲಿಲ್ಲ. ನಮ್ಮಂಥವರು ಬಸ್ಸಿನವರನ್ನು ಬೈದು ಸುಮ್ಮನಾಗುತ್ತಿದ್ದೆವು. ಅವರು, ಯಾವುದೋ ಬಸ್ಸಿನಲ್ಲಿ ಸೀಟು ಖಾಲಿ ಇದ್ದಿರಬೇಕು, ಅದು ಈ ಏಜೆಂಟನಿಗೆ ಯಾಕೆ ಗೊತ್ತಾಗಲಿಲ್ಲ ಎಂದು ಯೋಚಿಸಿದರು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಸಿಟ್ಟು ಪ್ರಶ್ನೆಯಾದಾಗಲೇ ಶೋಧ ಶುರು.

ಪಿಲಾನಿಯ ಬಿಟ್ಸ್ ಕಾಲೇಜಿನಲ್ಲಿ ಜೊತೆಗೆ ಓದಿದ ಸುಧಾಕರ್ ಪಸುಪುನೂರಿ ಮತ್ತು ಚರಣ್ ಪದ್ಮರಾಜು ಅವರೊಂದಿಗೆ ಸೇರಿ ಅವರು ಮೊದಲು ಬಸ್ ಮಾಲೀಕರಿಗಾಗಿ ಒಂದು ಸಾಫ್ಟ್‌ವೇರ್ ಬರೆದರು. ಮಾಲೀಕರು ಬೇಡವೆಂದರು. ಹಾಳೆ, ಪೆನ್ನು, ಫೋನು ಇರುವಾಗ ಈ ತಲೆನೋವು ಯಾಕೆ? ಆಗ ಮೂವರೂ ದಾರಿ ಬದಲಿಸಿ, ‘ಸಾಫ್ಟ್‌ವೇರ್ ಬೇಡ, ನಾಲ್ಕು ಸೀಟು ಕೊಡಿ, ನಾವು ಮಾರಿ ತೋರಿಸುತ್ತೇವೆ’ ಎಂಬ ಕಡೆಗೆ ಹೊರಳಿದರು. ಬೆರಳೆಣಿಕೆಯ ಸೀಟು ಸಿಕ್ಕವು. 2006ರ ಆಗಸ್ಟ್‌ನಲ್ಲಿ ತಾಣ ತೆರೆಯಿತು. ಐಟಿ ಕಚೇರಿಗಳ ಮುಂದೆ ನಿಂತು ತಾವೇ ಚೀಟಿ ಹಂಚಿದರು. ಮೊದಲ ಟಿಕೆಟ್ ತಿರುಪತಿಗೆ ಹೊರಟ ಒಬ್ಬ ಮಹಿಳೆಯದು. ಆಕೆಗೆ ನಿಜವಾಗಿಯೂ ಸೀಟು ಸಿಗುತ್ತದೋ ಇಲ್ಲವೋ ಎಂದು ಬಸ್ಸು ಹೊರಡುವವರೆಗೂ ಅವರಿಗೆ ಜೀವದಲ್ಲಿ ಜೀವವಿರಲಿಲ್ಲವಂತೆ.

ನನ್ನ ಮಟ್ಟಿಗೆ ಇಡೀ ವ್ಯಾಪಾರದ ಗುಟ್ಟು ಆ ಆತಂಕದಲ್ಲಿದೆ. ಪರದೆಯ ಮೇಲೆ ‘ಸೀಟು ನಿಮ್ಮದು’ ಎಂದು ಬರೆಯಲು ಒಂದು ಸಾಲು ಸಾಕು. ಅದನ್ನು ನಿಜ ಮಾಡಲು ಬಸ್ಸಿನ ಬಾಗಿಲವರೆಗೆ ಹೋಗಬೇಕು.

ಇನ್ನು ಆ ಪರದೆಯ ಹಿಂದೆ ನಡೆಯುವುದೇನು? ಪ್ರತಿ ಏಜೆಂಟನಿಗೂ ಒಂದೊಂದು ಹಾಳೆಯ ಬದಲು, ಎಲ್ಲರಿಗೂ ಸೇರಿ ಒಂದೇ ಹಾಳೆ. ಅದು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿರುತ್ತದೆ. ನೀವು ಒಂದು ಸೀಟನ್ನು ಮುಟ್ಟಿದೊಡನೆ ಕೆಲವು ನಿಮಿಷ ಅದಕ್ಕೆ ಬೀಗ ಬೀಳುತ್ತದೆ. ಬೇರೆ ಯಾರಿಗೂ ಅದು ಕೊಡಲ್ಪಡುವುದಿಲ್ಲ. ಹಣ ಬಂದರೆ ಮಾರಾಟ ಖಾಯಂ. ಬಾರದಿದ್ದರೆ ಬೀಗ ತೆರೆದು ಸೀಟು ಮತ್ತೆ ಎಲ್ಲರದಾಗುತ್ತದೆ. ನಾನು ಬಾನೆಟ್ ಮೇಲೆ ಕೂತದ್ದು ಈ ಬೀಗ ಇಲ್ಲದ್ದರಿಂದ.

ಆದರೆ ಒಂದೇ ಹಾಳೆ ಆಗಬೇಕಾದರೆ ಮಾಲೀಕರೂ ಏಜೆಂಟರೂ ಅದರಲ್ಲೇ ಬರೆಯಲು ಒಪ್ಪಬೇಕಲ್ಲ? ರೆಡ್‌ಬಸ್ ಬೆಳೆದದ್ದು ಈ ಹಂತದಲ್ಲಿ. ಸೀಟು ಮಾರಿ ನಂಬಿಕೆ ಗಳಿಸಿದ ಮೇಲೆ ಅವರು ಮಾಲೀಕರಿಗೆ ‘ಬಾಸ್’ ಎಂಬ ಹೆಸರಿನ ಸೇವೆ ಕೊಟ್ಟರು. ಅಂತರ್ಜಾಲದ ಮೂಲಕವೇ ತಮ್ಮ ಎಲ್ಲ ಬಸ್ಸುಗಳ ಸೀಟಿನ ಲೆಕ್ಕ ಇಡುವ ವ್ಯವಸ್ಥೆ ಅದು. ಏಜೆಂಟರಿಗೆ ‘ಸೀಟ್‌ಸೆಲ್ಲರ್’ ಎಂಬ ಇನ್ನೊಂದು ಸೇವೆ ಬಂತು. ಮೊದಲು ಬೇಡವೆನಿಸಿದ ಸಾಫ್ಟ್‌ವೇರೇ ಈಗ ಬೇಕಾಯಿತು. ಯಾರ ಹೊಟ್ಟೆಯ ಮೇಲೆ ವೆಬ್‌ಸೈಟ್ ಹೊಡೆಯಬಹುದಿತ್ತೋ ಆ ಏಜೆಂಟರೇ ಅದರ ಮಾರಾಟಗಾರರಾದರು. 2007ರಲ್ಲಿ ಸೀಡ್‌ಫಂಡ್ ಎಂಬ ಸಂಸ್ಥೆ ಬಂಡವಾಳ ಹಾಕಿತು. 2013ರಲ್ಲಿ ಇಬಿಬೊ ಸಮೂಹ ಕಂಪನಿಯನ್ನು ಕೊಂಡಿತು. 2017ರಲ್ಲಿ ಇಬಿಬೊ ಜೊತೆಗೆ ರೆಡ್‌ಬಸ್ ಕೂಡ ಮೇಕ್‌ಮೈಟ್ರಿಪ್‌ನ ಪಾಲಾಯಿತು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಈ ಕೊನೆಯ ಸುದ್ದಿಗಳು. ಹುಡುಗರು ಓದುವುದೂ ಅವನ್ನೇ.

ಲೆಕ್ಕವನ್ನೂ ಸ್ವಲ್ಪ ನೋಡೋಣ. 500 ರೂಪಾಯಿಯ ಟಿಕೆಟಿಗೆ ನೂರಕ್ಕೆ 10ರಂತೆ ಕಮಿಷನ್ ಎಂದಿಟ್ಟುಕೊಳ್ಳಿ. 50 ರೂಪಾಯಿ ಬಂತು. ಬ್ಯಾಂಕಿನ ಶುಲ್ಕ, ಫೋನು ಎಂದು 10 ಕಳೆದರೆ ಉಳಿದದ್ದು 40. ಬಾಡಿಗೆ, ಸಂಬಳ ಸೇರಿ ತಿಂಗಳಿಗೆ 50,000 ರೂಪಾಯಿ ಖರ್ಚಿದ್ದರೆ 1,250 ಟಿಕೆಟ್ ಮಾರಿದ ಮೇಲೆ ಸರಿಸಮ. ಅಂದರೆ ದಿನಕ್ಕೆ ಸುಮಾರು 42. ನಲವತ್ತಮೂರನೆಯ ಟಿಕೆಟಿನಿಂದ ಲಾಭ. ಒಂಬತ್ತನೆಯ ತರಗತಿಯ ಹುಡುಗ ಮಾಡಬಹುದಾದ ಈ ಲೆಕ್ಕವನ್ನು ಮಾಡದೆ ಎಷ್ಟೋ ದೊಡ್ಡವರು ಮುಳುಗಿದ್ದಾರೆ. ಅಮೆರಿಕದಲ್ಲಿ ಮನೆಮನೆಗೆ ದಿನಸಿ ಮುಟ್ಟಿಸುತ್ತಿದ್ದ ವೆಬ್‌ವ್ಯಾನ್ ಕಂಪನಿ ಕೋಟ್ಯಂತರ ಡಾಲರ್ ಸುರಿದು 2001ರಲ್ಲಿ ದಿವಾಳಿಯಾಯಿತು.

ಅದೇ ದಿನಸಿಯಲ್ಲಿ ನಮ್ಮವರ ತಾಳ್ಮೆಯನ್ನೂ ನೋಡಿ. 1999ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್. ಸುಧಾಕರ್, ಹರಿ ಮೆನನ್ ಮೊದಲಾದ ಗೆಳೆಯರು ಫ್ಯಾಬ್‌ಮಾರ್ಟ್ ಎಂಬ ತಾಣ ತೆರೆದರು. ಆಗ ಜನರ ಮನೆಯಲ್ಲಿ ಇಂಟರ್ನೆಟ್ ಅಪರೂಪ, ಕಿಸೆಯಲ್ಲಿ ಕಾರ್ಡು ಇನ್ನೂ ಅಪರೂಪ. ಆದ್ದರಿಂದ ಅವರು ನೆಲದ ಮೇಲೆ ನಿಜವಾದ ದಿನಸಿ ಅಂಗಡಿಗಳನ್ನೇ ತೆರೆದು ಬೇಳೆ, ಅಕ್ಕಿ, ತರಕಾರಿಯ ವ್ಯವಹಾರ ಕಲಿತರು. ಅವರಲ್ಲಿ ಕೆಲವರು 2011ರಲ್ಲಿ ಬಿಗ್‌ಬ್ಯಾಸ್ಕೆಟ್ ಆರಂಭಿಸಿದರು. 2021ರಲ್ಲಿ ಟಾಟಾ ಸಮೂಹ ಅದರ ಬಹುಪಾಲನ್ನು ಕೊಂಡಿತು. ಮೊದಲ ತಾಣದಿಂದ ಎರಡನೆಯ ತಾಣಕ್ಕೆ ಹನ್ನೆರಡು ವರ್ಷ.

ಕಳೆದ ವರ್ಷ ನಮ್ಮ ಊರ ಹತ್ತಿರದ ರೈತರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗ ನನ್ನ ಹಳೆಯ ವಿದ್ಯಾರ್ಥಿ.

‘ಸರ, ಇಂವ ಬಿ.ಎಸ್ಸಿ. ಬಿಡ್ತೀನಿ ಅನ್ನಾಕತ್ಯಾನ್ರಿ. ವೆಬ್‌ಸೈಟ್ ಮಾಡಿ ಬೆಂಗಳೂರಿಗೆ ಅಕ್ಕಿ ಮಾರ್ತಾನಂತ. ಎರಡು ಲಕ್ಷ ಕೇಳ್ತಾನ. ಕೊಡ್ಲೋ ಬ್ಯಾಡೋ, ನೀವ ಹೇಳ್ರಿ’ ಎಂದರು. ಆ ಎರಡು ಲಕ್ಷ ಅವರಿಗೆ ಹೊಲದ ಮೇಲೆ ಸಾಲ ತೆಗೆದೇ ಬರಬೇಕು ಎಂಬುದು ನನಗೆ ಗೊತ್ತಿತ್ತು.

‘ತಮ್ಮಾ, ಈಗ ನಿನ್ನ ಕಡೆ ಅಕ್ಕಿ ತಗೊಳ್ಳೋರು ಎಷ್ಟು ಮಂದಿ ಅದಾರ?’ ಎಂದೆ.

‘ಇನ್ನೂ ಯಾರೂ ಇಲ್ರಿ ಸರ. ಸೈಟ್ ಆದ ಮ್ಯಾಲ ಬರ್ತಾರ.’

ಕಾಗದ ತೆಗೆದು ಇಬ್ಬರ ಮುಂದೆಯೂ ಲೆಕ್ಕ ಬರೆದೆ. 25 ಕಿಲೋದ ಒಂದು ಚೀಲಕ್ಕೆ ಎಲ್ಲ ಖರ್ಚು ಕಳೆದು 100 ರೂಪಾಯಿ ಉಳಿದರೆ, ಎರಡು ಲಕ್ಷ ಹಿಂದಕ್ಕೆ ಬರಲು 2,000 ಚೀಲ ಹೋಗಬೇಕು. ಮನೆಗೆ ತಿಂಗಳಿಗೊಂದು ಚೀಲದಂತೆ ನೂರು ಮನೆ ಹಿಡಿದರೂ ಇಪ್ಪತ್ತು ತಿಂಗಳು. ಅಲ್ಲಿಯವರೆಗೆ ಅವನಿಗೆ ಸಂಬಳವಿಲ್ಲ, ಅಪ್ಪನಿಗೆ ಬಡ್ಡಿ ತಪ್ಪುವುದಿಲ್ಲ. ಹುಡುಗ ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದ.

‘ಮಾಡಬೇಡ ಅಂತ ನಾ ಹೇಳೂದಿಲ್ಲ. ಕಾಲೇಜು ಬಿಡಬ್ಯಾಡ. ಬೆಂಗಳೂರಾಗಿರೋ ನಮ್ಮ ಕಡೆಯವರದು ಇಪ್ಪತ್ತು ಮನೆ ಹುಡುಕು. ಒಂದು ನೋಟ್‌ಬುಕ್ಕು, ಒಂದು ಫೋನು ಸಾಕು. ಮೂರು ತಿಂಗಳು ಅಕ್ಕಿ ಮುಟ್ಟಿಸು. ತೂಕ, ಆಹಾರ ಸುರಕ್ಷತೆಯ ನೋಂದಣಿ, ತೆರಿಗೆ, ಇವುಗಳ ಕಾನೂನು ಮೊದಲು ತಿಳ್ಕೊ’ ಎಂದೆ. ಅಪ್ಪ ಆ ಹಾದಿಗೆ ಹದಿನೈದು ಸಾವಿರ ಕೊಡಲು ಒಪ್ಪಿದರು.

ಇಪ್ಪತ್ತು ಮನೆ ಅಂದದ್ದು ಹದಿನಾರಕ್ಕೆ ನಿಂತಿತು. ಆದರೆ ಆ ನೋಟ್‌ಬುಕ್ಕು ಅವನಿಗೆ ಯಾವ ಪಠ್ಯಪುಸ್ತಕವೂ ಕಲಿಸದ್ದನ್ನು ಕಲಿಸಿತು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆ ಅಕ್ಕಿಯೇ ಬೇಕು ಎಂದು ಆರು ಮನೆಯವರು ಹೇಳಿದರು. ಹಳೆಯದು ಬೇಕೆಂದರೆ ತಿಂಗಳುಗಟ್ಟಲೆ ದಾಸ್ತಾನು ಇಡಬೇಕು. ಹಣ ಬೇಕಾದದ್ದು ಅಲ್ಲಿ. ಚೀಲವನ್ನು ಮೂರನೆಯ ಮಹಡಿಗೆ ಹೊರುವವರು ಯಾರು ಎಂಬ ಪ್ರಶ್ನೆ ಬಂತು. 25 ಕಿಲೋ ಬೇಡ, 10 ಕಿಲೋ ಸಾಕು ಎಂದವರಿದ್ದರು. ಒಂದು ಚೀಲ ದಾರಿಯಲ್ಲಿ ಹರಿದು ಹೋದಾಗ ಕೇಳುವ ಮೊದಲೇ ಬೇರೆ ಚೀಲ ಕಳಿಸಿದ. ಆ ಮನೆಯವರೇ ಅವನಿಗೆ ಇನ್ನೂ ಎರಡು ಮನೆ ಹುಡುಕಿಕೊಟ್ಟರು.

ಎರಡು ಲಕ್ಷದ ಸೈಟು ಮೊದಲೇ ಆಗಿದ್ದರೆ ಅದರ ತುಂಬ ಯಾರಿಗೂ ಬೇಡದ 25 ಕಿಲೋದ ಹೊಸ ಅಕ್ಕಿಯ ಚಂದದ ಚಿತ್ರಗಳಿರುತ್ತಿದ್ದವು. ಹುಡುಗ ಈಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾನೆ. ಅಕ್ಕಿ ಹೋಗುತ್ತಿದೆ. ನಾಳೆ ಅದು ದೊಡ್ಡ ವ್ಯಾಪಾರವಾದೀತೋ ಇಲ್ಲವೋ ನಾನು ಹೇಳಲಾರೆ. ಅಪ್ಪನ ಹೊಲದ ಮೇಲೆ ಸಾಲವಂತೂ ಇಲ್ಲ.

ತಂದೆ-ತಾಯಿಗಳಲ್ಲಿ ನನ್ನ ವಿನಂತಿ ಇಷ್ಟೆ. ಮಗನೋ ಮಗಳೋ ವೆಬ್‌ಸೈಟಿನ ಕನಸು ತಂದರೆ ಹುಚ್ಚು ಎಂದು ಗದರಬೇಡಿ, ಜಾಣ ಮಗು ಎಂದು ಹಿಗ್ಗಿ ಸಾಲವನ್ನೂ ಮಾಡಬೇಡಿ. ‘ಮೊದಲ ಗಿರಾಕಿ ಯಾರು? ಅವರ ಸಾಮಾನು ತಡವಾದ ದಿನ ಫೋನು ಎತ್ತುವವರು ಯಾರು?’ ಎಂದು ಕೇಳಿ. ಈ ಎರಡಕ್ಕೂ ಮಗುವಿನ ಹತ್ತಿರ ಉತ್ತರ ಇದ್ದರೆ, ಪುಟ ಕಟ್ಟಿಕೊಡುವವರು ಗಂಗಾವತಿಯಲ್ಲಿಯೂ ಸಿಗುತ್ತಾರೆ.