ಬೆಲ್ ಒತ್ತಿ ಓಡಿದ್ದು

ಸಾಗರದ ನಮ್ಮ ಬೀದಿಯಲ್ಲಿ ಮಗ್ರಿಬ್ ಮುಗಿದ ಮೇಲೆ ಗೇಟು ತೆಗೆದು ಒಳಹೋಗಿ, ಬೆಲ್ ಒತ್ತಿ ಓಡುವುದು ನಮಗೊಂದು ಆಟ. ಕಾನೂನು ಓದುವ ಅಣ್ಣನಿಗೆ ಗೊತ್ತಾಯಿತು. ಮನೆಯವರಿಗೆ ಕಿರಿಕಿರಿ ಮಾಡಲೆಂದೇ ಅವರ ಜಾಗಕ್ಕೆ ಕಾಲಿಟ್ಟರೆ ಅದು ಅಪರಾಧಿಕ ಅತಿಕ್ರಮ ಪ್ರವೇಶ ಎಂದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು. 3 ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

"ನನಗಿನ್ನೂ ಹದಿನೇಳು" ಎಂದೆ.

"ಹಾಗಾದರೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲು" ಎಂದ.

ಆಗಲೂ ನಾನು ನಕ್ಕೆ. ಆದರೆ ಆ ವಾರವೇ ಕೊನೆಯ ಮನೆಯ ಅಜ್ಜಿ ಗೋಡೆ ಹಿಡಿದು ಬಾಗಿಲಿಗೆ ಬಂದರು. ದುಬೈಯಿಂದ ಮಗ ಬಂದನೆಂದು ಅವನ ಹೆಸರು ಹಿಡಿದು ಕತ್ತಲಿಗೆ ಎರಡು ಸಲ ಕೂಗಿದರು. ನಾವು ಕಾಂಪೌಂಡಿನ ಹಿಂದೆ ಕೂತಿದ್ದೆವು.

ಮರುದಿನ ಹೋಗಿ ಒಪ್ಪಿಕೊಂಡೆ. ಬೈಯಲಿಲ್ಲ, ಚಹಾ ಕೊಟ್ಟರು. ಬೆಲ್ಲಿನ ವೈರನ್ನು ಆಗಲೇ ಕೀಳಿಸಿದ್ದರು.